ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ

ಕಾರಿನ ಸ್ಪೀಕರ್ ಡಬ್ಬದ ಮೇಲಿನ ‘500 ವ್ಯಾಟ್’ ಕ್ಷಣಮಾತ್ರದ ಗರಿಷ್ಠ ಲೆಕ್ಕ. ಕೇಳಬೇಕಾದ್ದು ಸತತವಾಗಿ ಸಿಗುವ ವ್ಯಾಟ್, ಅಂದರೆ ಆರ್‌ಎಂಎಸ್ ಎಷ್ಟೆಂದು. ಕಾರಿನ ಸಾಮಾನ್ಯ ಸ್ಟೀರಿಯೊ ಚಾನೆಲ್‌ಗೆ ನಿಜವಾಗಿ ಕೊಡುವುದು 15–20 ವ್ಯಾಟ್ ಅಷ್ಟೆ. ಆದ್ದರಿಂದ ಮುಂದಿನ ಬಾಗಿಲುಗಳಿಗೆ ಟ್ವೀಟರ್ ಬೇರೆಯಿರುವ ಕಾಂಪೊನೆಂಟ್ ಸ್ಪೀಕರ್, ಜೊತೆಗೆ ಚಾನೆಲ್‌ಗೆ 50 ವ್ಯಾಟ್ ಆರ್‌ಎಂಎಸ್ ಕೊಡುವ ಆಂಪ್ಲಿಫೈಯರ್ ಹಾಕಿಸಿ. ಹೈ ಲೆವೆಲ್ ಇನ್‌ಪುಟ್ ಇರುವುದನ್ನೇ ಆರಿಸಿದರೆ ಹಳೆಯ ಸ್ಟೀರಿಯೊ ಬದಲಿಸಬೇಕಿಲ್ಲ. ಹಿಂದಿನ ಸ್ಪೀಕರ್ ಹಾಗೇ ಇರಲಿ.

ಅದಕ್ಕೂ ಮೊದಲು ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ. ಚುಂಚನಕಟ್ಟೆ ಜಾತ್ರೆಯ ಮೈಕಿನಂತೆ ಗರಗರ ಅನ್ನುವುದು ಎಷ್ಟೋ ಸಲ ಸ್ಪೀಕರಲ್ಲ, ತಗಡು.

ಆಂಪ್ಲಿಫೈಯರ್‌ಗೆ ವೈರು ನೇರ ಬ್ಯಾಟರಿಯಿಂದಲೇ ಬರಲಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಇಲ್ಲವಾದರೆ ಶಾರ್ಟಾದಾಗ ಉರಿಯುವುದು ವೈರು. ಕಂಪನಿ ವೈರಿಂಗ್ ಕತ್ತರಿಸಲು ಮಾತ್ರ ಬಿಡಬೇಡಿ, ಕಪ್ಲರ್ ಹಾಕಿಸಿ. ವಾರಂಟಿಗೆ ತಕರಾರು ಬರುವುದು ವೈರು ಕತ್ತರಿಸಿದಾಗಲೇ.