ಎಲೆ ಮಗುಚಿ ನೋಡು, ಮಗಾ

ಈ ವರ್ಷದಿಂದ ಹೊಲ ನಿನ್ನ ಕೈಗೆ ಬಂದಿದೆ. ರಾಗಿ ಎಷ್ಟು ಒತ್ತಾಗಿ ಬಿತ್ತಬೇಕು, ಕಡಲೆಕಾಯಿ ಯಾವ ಮಳೆಗೆ ಹಾಕಬೇಕು ಅನ್ನೋದನ್ನೆಲ್ಲ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಸಿಂಗಟಗೆರೆ ಹೋಬಳಿಯಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಅದು ಕಣ್ಣಲ್ಲೇ ಬಂದಿರುತ್ತೆ. ಹೇಳಬೇಕಾಗಿರೋದು ತುಕ್ಕು ರೋಗದ ವಿಚಾರ. ಹುಳ ತಿಂದರೆ ಕಾಣುತ್ತೆ, ಬೇರು ಕೊಳೆತರೆ ಗಿಡ ಬಾಡುತ್ತೆ. ತುಕ್ಕು ಮಾತ್ರ ಎಲೆಯ ಅಡಿಯಲ್ಲಿ ಕೂತು ಸದ್ದಿಲ್ಲದೆ ಫಸಲು ತಿನ್ನುತ್ತೆ. ನಮ್ಮವರು ಅದನ್ನು ಕಾಣೋ ಹೊತ್ತಿಗೆ ಹೊಲದ ಬಣ್ಣವೇ ತಿರುಗಿರುತ್ತೆ. ಆಮೇಲೆ ಔಷಧಿ ಅಂಗಡಿಗೆ ಓಡೋದು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಒಂದು ಮಾತು ಮನಸ್ಸಿಗೆ ಹಾಕ್ಕೋ, ಉಳಿದಿದ್ದೆಲ್ಲ ಅದರಿಂದಲೇ ಬರುತ್ತೆ. ತುಕ್ಕು ತರೋ ಶಿಲೀಂಧ್ರ ಜೀವ ಇರುವ ಹಸಿರೆಲೆಯ ಮೇಲೆ ಮಾತ್ರ ಬದುಕುತ್ತೆ. ಒಣಗಿದ ಕಡ್ಡಿ, ತಿಪ್ಪೆಗೊಬ್ಬರ, ಮಣ್ಣು, ಇದರಲ್ಲೆಲ್ಲ ಕೊಳೆ ರೋಗದ ಬೂಷ್ಟು ಬೆಳೆದ ಹಾಗೆ ಇದು ಬೆಳೆಯೋದಿಲ್ಲ. ಅದಕ್ಕೂ ಒಂದು ನೇಮ ಇದೆ: ಕಡಲೆಕಾಯಿಯ ತುಕ್ಕು ಕಡಲೆಕಾಯಿಗೆ, ಸೂರ್ಯಕಾಂತಿಯದು ಸೂರ್ಯಕಾಂತಿಗೆ, ಅಲಸಂದೆಯದು ಅಲಸಂದೆಗೆ. ಬದುವಿನ ಅಲಸಂದೆಗೆ ತುಕ್ಕು ಬಿತ್ತು, ಇನ್ನು ಕಡಲೆಕಾಯಿ ಹೋಯ್ತು ಅಂತ ಯಾರಾದರೂ ಗಾಬರಿ ಮಾಡಿದರೆ ಕೇಳಬೇಡ. ಸಾಲಿನ ನಡುವೆ ತೊಗರಿ ಹಾಕೋದಕ್ಕೂ, ಒಂದು ವರ್ಷ ಕಡಲೆಕಾಯಿ ಬಿಟ್ಟು ರಾಗಿ ಹಾಕೋದಕ್ಕೂ ಇದೇ ಧೈರ್ಯ.

ಈಗ ಕಡಲೆಕಾಯಿ ತುಕ್ಕಿನ ಗುರುತು ಹಿಡಿಯೋದು ಕಲಿ. ಬಿತ್ತಿ ಒಂದೂವರೆ ತಿಂಗಳು ಕಳೆದ ಮೇಲೆ, ಹೂವು ಬಿದ್ದು ಊಡು ಇಳಿಯೋ ಹೊತ್ತಿನಿಂದ, ವಾರಕ್ಕೊಮ್ಮೆ ಬೆಳಿಗ್ಗೆ ಹೊಲದೊಳಗೆ ಇಳಿ. ಬದುವಿನ ಮೇಲೆ ನಿಂತು ನೋಡಿದರೆ ಏನೂ ತಿಳಿಯೋದಿಲ್ಲ. ನಾಲ್ಕೈದು ಕಡೆ ಕುಕ್ಕರುಗಾಲಲ್ಲಿ ಕೂತು, ಗಿಡದ ಕೆಳಗಿನ ಎಲೆಗಳನ್ನು ಮಗುಚು. ಎಲೆಯ ಅಡಿಯಲ್ಲಿ ಸೂಜಿಮೊನೆಯಷ್ಟು, ಇಟ್ಟಿಗೆ ಕೆಂಪಿನ ಗುಳ್ಳೆಗಳು ಎದ್ದಿರುತ್ತೆ. ಹೆಬ್ಬೆರಳಿಂದ ಉಜ್ಜು. ಬೆರಳಿಗೆ ಕೆಂಪು ಪುಡಿ ಹತ್ತಿದರೆ ಅದು ತುಕ್ಕು. ಎಲೆಯ ಮೇಲ್ಗಡೆ ಅದೇ ಜಾಗದಲ್ಲಿ ಬರೀ ಹಳದಿ ಚುಕ್ಕೆ ಕಾಣುತ್ತೆ, ಅಷ್ಟೆ.

ಟಿಕ್ಕಾ ಅಂತೀವಲ್ಲ, ಎಲೆಚುಕ್ಕೆ ರೋಗ, ಅದರ ಜೊತೆ ಇದನ್ನು ಸೇರಿಸಬೇಡ. ಟಿಕ್ಕಾ ಚುಕ್ಕೆ ದೊಡ್ಡದು, ಕಪ್ಪು, ಎಷ್ಟೋ ಸಲ ಸುತ್ತ ಹಳದಿ ಉಂಗುರ ಇರುತ್ತೆ, ಪುಡಿ ಹತ್ತೋದಿಲ್ಲ, ಎಲೆ ಉದುರಿ ಗಿಡ ಬೋಳಾಗುತ್ತೆ. ತುಕ್ಕು ಬಿದ್ದ ಎಲೆ ಮುದುರಿ ಒಣಗುತ್ತೆ, ಆದರೆ ಉದುರದೆ ಗಿಡದಲ್ಲೇ ನೇತಾಡುತ್ತೆ. ಎರಡೂ ಒಟ್ಟಿಗೆ ಬರೋದೂ ಉಂಟು. ಎಲೆ ಹೋದರೆ ಕಾಳಿಗೆ ಊಟ ಕೊಡೋರು ಯಾರು? ಕಾಳು ಜೊಳ್ಳಾಗುತ್ತೆ, ಎಣ್ಣೆ ಕಮ್ಮಿ ಆಗುತ್ತೆ. ಗಿಡ ಹೊತ್ತಿಗೆ ಮುಂಚೆ ಬಲಿತ ಹಾಗಾಗಿ ಊಡಿನ ಹಿಡಿತ ಸಡಿಲವಾಗುತ್ತೆ. ಕೀಳುವಾಗ ಕಾಯಿ ಮಣ್ಣಲ್ಲೇ ಉಳಿಯುತ್ತೆ.

ಆ ಕೆಂಪು ಪುಡಿ ಇದೆಯಲ್ಲ, ಅದೇ ರೋಗದ ಬೀಜ. ಒಂದು ಗುಳ್ಳೆಯಿಂದ ಸಾವಿರಾರು ಬೀಜಕಣ ಗಾಳಿಗೆ ಏಳುತ್ತೆ. ಎಲೆ ಕೆಲವು ಗಂಟೆ ಒದ್ದೆ ಇದ್ದರೆ ಸಾಕು, ಕಣ ಮೊಳೆತು ಒಳಗೆ ಹೋಗುತ್ತೆ. ಒಂದೆರಡು ವಾರ ಹೊರಗೆ ಏನೂ ತೋರದೆ ಒಳಗೇ ಬೆಳೆದು, ಹೊಸ ಗುಳ್ಳೆ ಒಡೆಯುತ್ತೆ. ಇವತ್ತು ನೀನು ಹತ್ತು ಗುಳ್ಳೆ ನೋಡಿದೆ ಅಂದರೆ, ಮುಂದಿನ ಪೀಳಿಗೆ ಆಗಲೇ ಪಕ್ಕದ ಎಲೆಗಳ ಒಳಗೆ ಕೂತಿದೆ ಅಂತ ಲೆಕ್ಕ. ಜೋರು ಮಳೆಗಿಂತ ಸೋನೆ ಮಳೆ, ಮೋಡ, ಇಬ್ಬನಿ ಇದಕ್ಕೆ ಇಷ್ಟ. ಹುಬ್ಬೆ, ಉತ್ತರೆ ಮಳೆಗಳಲ್ಲಿ ದಿನವೆಲ್ಲ ಮುಸುಕು ಹಾಕಿಕೊಂಡು ಹನಿಯುತ್ತಲ್ಲ, ಆಗ ವಾರಕ್ಕೊಮ್ಮೆ ನೋಡೋನು ಎರಡು ಸಲ ನೋಡು.

ನಾನು ಹುಡುಗನಾಗಿದ್ದಾಗ ಕಡಲೆಕಾಯಿಗೆ ಈ ಕಾಟ ಇರಲಿಲ್ಲ. 1969ಕ್ಕೆ ಮುಂಚೆ ಇದು ಹೆಚ್ಚಾಗಿ ದಕ್ಷಿಣ ಮತ್ತು ಮಧ್ಯ ಅಮೆರಿಕದ ರೋಗ. ಆಮೇಲೆ ಏಷ್ಯಾ, ಆಫ್ರಿಕಾ ಎಲ್ಲ ಕಡೆ ಹರಡಿ ಇಲ್ಲೂ ಬೀಡು ಬಿಟ್ಟಿತು. ಅದು ನಿಲ್ಲೋದಕ್ಕೆ ನಾವೂ ಜಾಗ ಕೊಟ್ಟೆವು. ನಮ್ಮ ಕಡೂರು ಸೀಮೆ ಮಳೆಯಾಶ್ರಯದ ಬಯಲು. ಮುಂಗಾರಿನಲ್ಲಿ ಒಂದೇ ಬೆಳೆ ಬೆಳೆಯೋ ಕಾಲದಲ್ಲಿ, ಕಾಯಿ ಕಿತ್ತ ಮೇಲೆ ಮುಂದಿನ ಮುಂಗಾರಿನ ತನಕ ಊರಲ್ಲಿ ಒಂದು ಹಸಿರು ಕಡಲೆಕಾಯಿ ಗಿಡ ಸಿಗೋದು ಕಷ್ಟ. ಬೇಸಿಗೆ ಬಿಸಿಲಿಗೆ ತುಕ್ಕಿನ ಬೀಜಕಣ ಹೆಚ್ಚು ದಿನ ತಡೆಯೋದಿಲ್ಲ. ಈಗ ಬೋರ್‌ವೆಲ್ ನೀರಲ್ಲಿ ಬೇಸಿಗೆ ಕಡಲೆಕಾಯಿ ಇದೆ. ಅದು ಕೀಳೋ ಹೊತ್ತಿಗೆ ಪಕ್ಕದ ಹೊಲದಲ್ಲಿ ಮುಂಗಾರಿನದು ಮೊಳೆತಿರುತ್ತೆ. ತುಕ್ಕಿಗೆ ಒಂದು ಎಲೆಯಿಂದ ಇನ್ನೊಂದು ಎಲೆಗೆ ದಾಟೋದಕ್ಕೆ ವರ್ಷಪೂರ್ತಿ ದಾರಿ ಆಯ್ತು.

ಆ ದಾರಿ ಕಡಿಯೋದೇ ನಿನ್ನ ಮೊದಲ ಕೆಲಸ. ಬೇಸಿಗೆ ಬೆಳೆ ಕಿತ್ತದ್ದಕ್ಕೂ ಮುಂಗಾರಿನ ಬಿತ್ತನೆಗೂ ನಡುವೆ ಒಂದು ತಿಂಗಳಾದರೂ ಬಿಡುವು ಇರಲಿ. ಒಕ್ಕಣೆ ಕಣದಲ್ಲಿ, ತಿಪ್ಪೆ ಪಕ್ಕದಲ್ಲಿ, ತೆಂಗಿನ ಪಾತಿಯಲ್ಲಿ ಉದುರಿದ ಕಾಯಿಂದ ತಾನೇ ಹುಟ್ಟಿದ ಗಿಡ ಇರುತ್ತಲ್ಲ, ಪಾಪ ಅಂತ ಬಿಡಬೇಡ, ಕಿತ್ತು ಹಾಕು. ಸೂರ್ಯಕಾಂತಿಗೂ ಇದೇ ಮಾತು; ತಾನೇ ಹುಟ್ಟಿದ ಗಿಡದಲ್ಲೂ ಅದರ ತುಕ್ಕು ಮುಂದಿನ ಬೆಳೆಗೆ ಕಾದಿರುತ್ತೆ. ಮಳೆ ಹದವಾದ ಕೂಡಲೇ ಅಕ್ಕಪಕ್ಕದ ಹೊಲದವರ ಜೊತೆ ಮಾತಾಡಿಕೊಂಡು ಒಟ್ಟಿಗೆ ಬಿತ್ತಿ. ತಡವಾಗಿ ಬಿತ್ತಿದ ಹೊಲಕ್ಕೆ ಮುಂಚೆ ಬಿತ್ತಿದ ಹೊಲದ ತುಕ್ಕೆಲ್ಲ ಎಳೆಯ ಎಲೆಗೇ ಬಂದು ಬೀಳುತ್ತೆ. ತಡವಾದ ಜೋಳಕ್ಕೂ ಅದೇ ಗತಿ. ಜೋಳದ ತುಕ್ಕಲ್ಲಿ ಕಾಳು ಹೋಗೋದು ಒಂದು ಕಡೆ, ಮೇವಿನ ಗುಣ ಕೆಡೋದು ಇನ್ನೊಂದು ಕಡೆ. ದನ ಕಟ್ಟಿದ ಮನೆಗೆ ಎರಡನೆಯದೇ ದೊಡ್ಡ ಪೆಟ್ಟು.

ಎರಡನೆಯದು ಬೀಜ. ನಮ್ಮಲ್ಲಿ ಇನ್ನೂ ಟಿಎಂವಿ-2 ಬಿತ್ತೋರು ಇದ್ದಾರೆ. 1940ರಲ್ಲಿ ತಮಿಳುನಾಡಿನ ತಿಂಡಿವನದಿಂದ ಬಂದ ತಳಿ. ಬರ ತಡೆಯುತ್ತೆ, ರುಚಿ ಚೆನ್ನ, ಎಲ್ಲ ಒಪ್ಪಿದೆ. ಆದರೆ ತುಕ್ಕಿನ ಮುಂದೆ ಅದು ನಿಲ್ಲೋದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಜಿಪಿಬಿಡಿ-4 ತುಕ್ಕನ್ನೂ ತಡವಾಗಿ ಬರೋ ಟಿಕ್ಕಾ ಚುಕ್ಕೆಯನ್ನೂ ತಡೆಯುತ್ತೆ. ಅದರ ಶಕ್ತಿ ಬಂದಿದ್ದು ದಕ್ಷಿಣ ಅಮೆರಿಕದ ಒಂದು ಕಾಡು ಕಡಲೆಕಾಯಿಯಿಂದ. ರೋಗ ಬಂದ ಸೀಮೆಯಿಂದಲೇ ಅದನ್ನು ತಡೆಯೋ ಗುಣವೂ ಬಂತು ನೋಡು. ಈ ತಳಿ ನಮ್ಮ ನೆಲಕ್ಕೆ ಹೇಗೆ ಒಗ್ಗುತ್ತೆ ಅಂತ ಮೊದಲ ವರ್ಷ ಹೊಲದ ಒಂದು ಭಾಗಕ್ಕೆ ಮಾತ್ರ ಹಾಕಿ ನೋಡು. ರೈತ ಸಂಪರ್ಕ ಕೇಂದ್ರದಲ್ಲೋ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿದರೆ ಈ ವರ್ಷ ಯಾವ ತಳಿ ಸಿಗುತ್ತೆ ಅಂತ ಹೇಳುತ್ತಾರೆ. ಬೀಜೋಪಚಾರ ಮಾಡಿದ್ದೀನಿ, ಇನ್ನು ತುಕ್ಕು ಬರಲ್ಲ ಅಂತ ಮಾತ್ರ ನಂಬಬೇಡ. ಬೀಜೋಪಚಾರ ಕುತ್ತಿಗೆ ಕೊಳೆಗೆ ಬೇಕು, ಮಾಡು; ತುಕ್ಕು ಬೀಜದಿಂದ ಬರೋದಲ್ಲ, ಗಾಳಿಯಲ್ಲಿ ಬರೋದು.

ಔಷಧಿಯನ್ನು ಮೂರನೆಯದಾಗಿ ಹೇಳುತ್ತಿದ್ದೀನಿ, ಅದರ ಜಾಗ ಮೂರನೆಯದೇ. ಕೆಳಗಿನ ಎಲೆಗಳಲ್ಲಿ ಅಲ್ಲಲ್ಲಿ ಗುಳ್ಳೆ ಕಂಡಿದೆ, ಆಕಾಶ ಮುಸುಕಿದೆ, ಕೀಳೋದಕ್ಕೆ ಇನ್ನೂ ತಿಂಗಳಿಗೂ ಹೆಚ್ಚು ಇದೆ ಅಂದರೆ ತಡ ಮಾಡಬೇಡ. ಮ್ಯಾಂಕೋಜೆಬ್ ಆಗಲಿ, ಕ್ಲೋರೋಥಲೋನಿಲ್ ಆಗಲಿ ಲೀಟರಿಗೆ 2 ಗ್ರಾಂ. 16 ಲೀಟರಿನ ಕ್ಯಾನಿಗೆ 32 ಗ್ರಾಂ. ಇವು ಎಲೆಯ ಮೇಲೆ ಹೊದಿಕೆಯಾಗಿ ನಿಂತು ಹೊಸ ಕಣ ಮೊಳೆಯದ ಹಾಗೆ ತಡೆಯೋವು. ಒಳಗೆ ಹೊಕ್ಕಿದ್ದನ್ನು ಮುಟ್ಟೋದಿಲ್ಲ. ಒಳಗಿನದಕ್ಕೆ ಹೆಕ್ಸಾಕೊನಜೋಲ್ ಥರದ ಅಂತರ್ವ್ಯಾಪಿ ಔಷಧಿ, ಲೀಟರಿಗೆ 1 ಮಿಲಿ. ಹದಿನೈದು ದಿನ ಬಿಟ್ಟು ಮತ್ತೆ ಬೇಕಾದರೆ ಔಷಧಿಯ ಗುಂಪು ಬದಲಿಸು. ಒಂದನ್ನೇ ಹೊಡೆಯುತ್ತಾ ಹೋದರೆ ರೋಗ ಅದಕ್ಕೆ ಪಳಗುತ್ತೆ. ಬಿಸಿಲು ಬಿದ್ದು ಎಲೆ ಒಣಗಿದೆ, ಗುಳ್ಳೆ ಬೆರಳೆಣಿಕೆಯಷ್ಟಿದೆ ಅಂದರೆ ನಾಲ್ಕು ದಿನ ಕಾದು ಮತ್ತೆ ನೋಡು. ಕೀಳೋದಕ್ಕೆ ಹದಿನೈದು ದಿನ ಇದ್ದಾಗ ಹೊಡೆದರೆ ದುಡ್ಡು ಮಣ್ಣಿಗೆ.

ಹೊಡೆಯೋದರಲ್ಲೂ ಕಸುಬಿದೆ. ಗುಳ್ಳೆ ಇರೋದು ಎಲೆಯಡಿಯಲ್ಲಿ; ಮೇಲಿಂದ ನೀರು ಚಿಮುಕಿಸಿಕೊಂಡು ಓಡಿದರೆ ಅದಕ್ಕೆ ತಾಗೋದೇ ಇಲ್ಲ. ನಾಜಲ್ ಗಿಡದ ಬುಡಕ್ಕೆ ಇಳಿಸಿ, ಮೂತಿ ಮೇಲಕ್ಕೆ ತಿರುಗಿಸಿ ನಿಧಾನಕ್ಕೆ ಸಾಗು. ಎಕರೆಗೆ 200 ಲೀಟರ್, ಅಂದರೆ ಹನ್ನೆರಡು ಹದಿಮೂರು ಕ್ಯಾನ್ ನೀರು ಬೇಕು. ಐದು ಕ್ಯಾನಲ್ಲಿ ಎಕರೆ ಮುಗಿಸಿದೆ ಅಂತ ಬೀಗೋ ಆಳಿನ ಕೈಯಲ್ಲಿ ಅರ್ಧ ಹೊಲವೂ ನೆನೆದಿರೋದಿಲ್ಲ. ಮೂಗು ಬಾಯಿಗೆ ಬಟ್ಟೆ, ಕೈಗೆ ಗವಸು, ಗಾಳಿಗೆ ಬೆನ್ನು. ಡಬ್ಬದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತೆ, ಓದು. ಕಡಲೆಕಾಯಿ ಬಳ್ಳಿ ಕೊಟ್ಟಿಗೆಗೆ ಹೋಗೋದು. ದನದ ಬಾಯಿಂದ ಹಾಲಿಗೆ, ಹಾಲಿಂದ ಮಕ್ಕಳಿಗೆ ಬರೋ ದಾರಿ ಉದ್ದ ಏನಲ್ಲ. ಬೇವಿನ ಕಷಾಯ ಶುರುವಿನಲ್ಲಿ ಸ್ವಲ್ಪ ತಡೆದೀತು. ರೋಗ ಏರಿದ ಮೇಲೆ ಅದನ್ನೇ ನೆಚ್ಚಿ ಕೂರಬೇಡ.

ಕೆಂಪಗಿರೋದೆಲ್ಲ ತುಕ್ಕಲ್ಲ ಅನ್ನೋದೂ ನೆನಪಿರಲಿ. ಮಾವಿನ ಎಲೆ ಮೇಲೆ ಇಟ್ಟಿಗೆ ಬಣ್ಣದ ಮಚ್ಚೆ ಬರುತ್ತಲ್ಲ, ಅದು ಪಾಚಿ ಜಾತಿಯದು. ದಂಟಿನ ಸೊಪ್ಪಿನ ಅಡಿಯಲ್ಲಿ ಬೆಳ್ಳಗೆ ಗುಳ್ಳೆ ಏಳೋದಕ್ಕೆ ಬಿಳಿ ತುಕ್ಕು ಅಂತಾರೆ, ಅದರ ಕುಲವೇ ಬೇರೆ. ಅಂಗಡಿಯವನ ಮುಂದೆ ಬರೀ ತುಕ್ಕು ಅಂದರೆ ಅವನು ಕೈಗೆ ಸಿಕ್ಕಿದ್ದು ಕೊಡುತ್ತಾನೆ. ಗಿಡವನ್ನೇ ಕಿತ್ತು ಒಯ್ದು ತಿಳಿದವರಿಗೆ ತೋರಿಸು.

ಇನ್ನು ತಡೆಯೋ ತಳಿ ಹಾಕಿದರೆ ಸಾಕೇ ಅನ್ನೋದಕ್ಕೆ ನಮ್ಮ ಜಿಲ್ಲೆಯ ಕಥೆ ಒಂದು ಹೇಳುತ್ತೀನಿ. ಆಗ ಚಿಕ್ಕಮಗಳೂರಿನ ಕಾಫಿ ಮಲೆಗಳೆಲ್ಲ ಸೇರಿ ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. 1869ರಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಎಲೆ ತುಕ್ಕು ಕಾಣಿಸಿಕೊಂಡಿತು. ಅಲ್ಲಿ ಕಾಫಿ ನೆಲಕಚ್ಚಿ, ಜನ ಚಹಾಕ್ಕೆ ತಿರುಗಿದರು. ಅಷ್ಟರಲ್ಲೇ ರೋಗ ದಕ್ಷಿಣ ಭಾರತಕ್ಕೂ ಬಂದಿತ್ತು. 1911ರಲ್ಲಿ ಕೆಂಟ್ ಅನ್ನೋ ಇಂಗ್ಲಿಷ್ ಪ್ಲಾಂಟರ್ ಮೈಸೂರು ಸೀಮೆಯ ತೋಟದಲ್ಲಿ ತುಕ್ಕು ತಡೆಯೋ ಗಿಡ ಆರಿಸಿದ. ಕೆಂಟ್ಸ್ ಅಂತ ಅದು ಎಲ್ಲ ಕಡೆ ಹಬ್ಬಿತು. ಗೆದ್ದೆವು ಅಂತ ತೋಟದವರು ನೆಮ್ಮದಿಯಾಗಿದ್ದಾಗ, ಆ ಗಿಡಕ್ಕೂ ತುಕ್ಕು ಬಿತ್ತು. 1925ರಲ್ಲಿ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕ ಕೋಲ್ಮನ್ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರು ಮಾಡಿಸಿದರು. ಅಲ್ಲಿದ್ದ ಮೇನ್ ಅನ್ನೋ ವಿಜ್ಞಾನಿ 1930ರ ದಶಕದಲ್ಲಿ ಕಂಡುಕೊಂಡಿದ್ದು ಏನಂದರೆ, ಒಂದೇ ತುಕ್ಕಿನೊಳಗೆ ಬೇರೆ ಬೇರೆ ಪಂಗಡ ಇವೆ. ಒಂದಕ್ಕೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುತ್ತೆ. ಆಮೇಲೆ ಅದೇ ಕೇಂದ್ರದಿಂದ ಎಸ್-795 ಬಂತು. ವರ್ಷ ಕಳೆದ ಹಾಗೆ ಅದಕ್ಕೂ ಹೊಂದುವ ಪಂಗಡ ಹುಟ್ಟಿತು. ಹಾಗಂತ ಮಲೆನಾಡಿನವರು ಅದನ್ನು ಕಿತ್ತೆಸೆಯಲಿಲ್ಲ. ಮಳೆಗೆ ಮುಂಚೆ, ಮಳೆ ಹಿಂದೆಗೆದ ಮೇಲೆ ಎಲೆಯಡಿಗೆ ಅರ್ಧ ಪರ್ಸೆಂಟಿನ ಬೋರ್ಡೋ ದ್ರಾವಣ ಹೊಡೆದು, ನೆರಳು ಸವರಿ, ಇವತ್ತಿಗೂ ಅದನ್ನೇ ಬೆಳೆಯುತ್ತಿದ್ದಾರೆ.

ಅದಕ್ಕೇ ಜಿಪಿಬಿಡಿ-4 ಹಾಕಿದೆ ಅಂತ ಹೊಲಕ್ಕೆ ಹೋಗೋದು ಬಿಡಬೇಡ. ತಡೆಯೋ ತಳಿ ಅಂದರೆ ಕಾವಲಿಗೆ ರಜೆ ಅಂತ ಅರ್ಥ ಅಲ್ಲ. ಆ ಹೊಲದಲ್ಲೂ ಎಲೆ ಮಗುಚು. ಒಂದು ವರ್ಷ ಅದರಲ್ಲಿ ಗುಳ್ಳೆ ಹೆಚ್ಚು ಕಂಡರೆ ಎಲೆಯನ್ನು ಕಾಗದದಲ್ಲಿ ಸುತ್ತಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿ. ಅವರಿಗೆ ಅಂಥ ಸುದ್ದಿ ಮೊದಲು ಸಿಗೋದು ರೈತನಿಂದಲೇ.

ಹಸಿರಿಂದ ಹಸಿರಿಗೆ ದಾಟೋ ದಾರಿಯ ವಿಚಾರದಲ್ಲಿ ಗೋಧಿಯವರ ಪಾಠವೂ ಇದೇ. ಕೆ.ಸಿ. ಮೆಹ್ತಾ ಅನ್ನೋ ನಮ್ಮ ದೇಶದ ವಿಜ್ಞಾನಿ ವರ್ಷಗಟ್ಟಲೆ ಹುಡುಕಿ ತೋರಿಸಿದ್ದು: ಬಯಲಿನ ಬೇಸಿಗೆಯಲ್ಲಿ ಸಾಯೋ ಗೋಧಿ ತುಕ್ಕು ನೀಲಗಿರಿ, ಪಳನಿ ಥರದ ತಂಪು ಬೆಟ್ಟಗಳ ಹಸಿರು ಗೋಧಿಯಲ್ಲಿ ಉಳಿದು, ಗಾಳಿಯಲ್ಲಿ ಮತ್ತೆ ಬಯಲಿಗೆ ಇಳಿಯುತ್ತೆ. ಬೆಟ್ಟದ ಗಾಳಿಯನ್ನು ನಾವು ತಡೆಯೋಕಾಗಲ್ಲ. ಪಕ್ಕದ ಹೊಲದ ಗಾಳಿ ನಮ್ಮ ಮಾತಿನಳತೆಯಲ್ಲಿದೆ. ನಿನ್ನ ಹೊಲ ಎಷ್ಟು ಶುದ್ಧವಾಗಿಟ್ಟರೂ ಬದುವಿನಾಚೆಯವನು ತಾನೇ ಹುಟ್ಟಿದ ಗಿಡ ಬಿಟ್ಟರೆ ಪುಡಿ ನಿನ್ನಲ್ಲಿಗೇ ಬರುತ್ತೆ. ಬದುವಿನ ಜಗಳ, ನೀರಿನ ಮುನಿಸು ಏನೇ ಇರಲಿ, ಈ ವಿಚಾರದಲ್ಲಿ ಮಾತು ಬಿಡಬೇಡ. ಬೇಸಿಗೆ ಕಡಲೆಕಾಯಿ ಹಾಕಿದವರ ಹತ್ತಿರ ಕಾಯಿ ಕೀಳೋ ದಿನ ಈಗಲೇ ಕೇಳಿಕೋ. ಬಿತ್ತನೆ ಯಾವ ವಾರ ಅಂತ ಅದರ ಮೇಲೆ ಎಲ್ಲರೂ ಕೂತು ತೀರ್ಮಾನ ಮಾಡಿ.