ನೆರೆಮನೆಯ ತಟ್ಟೆಯೂ ಕರ್ತನ ಮೇಜೂ

ಈ ಪಾಠಕ್ಕೆ ಮುಂಚೆ ವಾಚಕರು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ನೇ ಅಧ್ಯಾಯವನ್ನೂ 10ನೇ ಅಧ್ಯಾಯದ 14ನೇ ವಚನ ಮೊದಲುಗೊಂಡು ಕಡೇ ವರೆಗೂ ಮನೆಯವರ ಸಂಗಡ ಓದಿಕೊಳ್ಳಬೇಕು. ಹಳ್ಳಿಗಳಲ್ಲಿ ವಾಸಿಸುವ ನಮ್ಮ ಸಭೆಗಳವರಿಗೆ ಇಷ್ಟು ಸಮೀಪವಾದ ಭಾಗಗಳು ಹೊಸ ಒಡಂಬಡಿಕೆಯಲ್ಲಿ ಕೆಲವೇ ಉಂಟು.

ಕೊರಿಂಥವನ್ನು ರೋಮಾಯರು ಕ್ರಿ.ಪೂ. 146ರಲ್ಲಿ ಕೆಡವಿಬಿಟ್ಟರು. ಕ್ರಿ.ಪೂ. 44ರಲ್ಲಿ ಯೂಲಿಯ ಕೈಸರನು ಅದನ್ನು ರೋಮಾಯರ ವಸತಿಯನ್ನಾಗಿ ತಿರಿಗಿ ಸ್ಥಾಪಿಸಿದನು. ಅದಕ್ಕೆ ಎರಡು ಕಡೆಗಳಲ್ಲಿ ರೇವುಗಳಿದ್ದದರಿಂದ ನಾನಾ ದೇಶದ ವರ್ತಕರೂ ಅವರೊಡನೆ ನಾನಾ ದೇವರುಗಳೂ ಅಲ್ಲಿ ಸೇರಿದರು. ಅಲ್ಲಿಯ ನೆಲವನ್ನು ಅಗೆದು ನೋಡಿದವರು ರೋಗ ಪರಿಹರಿಸುವವನೆಂದು ಜನರು ನಂಬಿದ್ದ ಅಸ್ಕ್ಲೇಪಿಯನ ಗುಡಿಯನ್ನು ಕಂಡಿದ್ದಾರೆ. ಪೂರ್ವಕಾಲದ ಹರಕೆಯವರು ಒಪ್ಪಿಸಿದ ಮಣ್ಣಿನ ಕೈ, ಕಾಲು, ಕಿವಿಗಳು ಅಲ್ಲಿ ರಾಶಿಯಾಗಿ ಸಿಕ್ಕಿದವು. ನಮ್ಮ ಸೀಮೆಯ ಜಾತ್ರೆಗಳಲ್ಲಿ ಬೆಳ್ಳಿಯ ಕಣ್ಣು ಕಾಲುಗಳನ್ನು ಮಾರುವದನ್ನು ಕಂಡವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಆ ಗುಡಿಗೆ ಸೇರಿದ ಊಟದ ಕೋಣೆಗಳೂ ಇದ್ದವು. ಒಂದೊಂದರಲ್ಲಿ 11 ಆಸನಗಳು.

ಇಂಥ ಊರಿನಲ್ಲಿ ಪೌಲನು ಒಂದು ವರುಷ ಆರು ತಿಂಗಳು ಇದ್ದು ಸಭೆಯನ್ನು ಕಟ್ಟಿದನು (ಅ.ಕೃ. 18:11). ಅವನು ಹೊರಟುಹೋದ ಮೇಲೆ ಸಭೆಯವರಲ್ಲಿ, ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದೋ ಎಂಬ ಪ್ರಶ್ನೆ ಹುಟ್ಟಿತು. ಪೌಲನು ಒಂದೇ ಮಾತಿನಿಂದ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳದೆ ಸ್ಥಳವನ್ನು ನೋಡಿ ತೀರ್ಪು ಕೊಡುತ್ತಾನೆ. ಅಂಗಡಿಯಲ್ಲಿ ಮಾರುವದನ್ನು ವಿಚಾರಿಸದೆ ಕೊಂಡು ತಿನ್ನಬಹುದು. ಭೂಮಿಯೂ ಅದರಲ್ಲಿರುವದೆಲ್ಲವೂ ಕರ್ತನದಷ್ಟೆ. ನಂಬದವನು ಮನೆಗೆ ಕರೆದರೆ ಹೋಗಬಹುದು, ಬಡಿಸಿದ್ದನ್ನು ಉಣ್ಣಬಹುದು. ಆದರೆ ಇದು ದೇವರಿಗೆ ಅರ್ಪಿಸಿದ್ದು ಎಂದು ಒಬ್ಬನು ತಿಳಿಸಿದರೆ ಉಣ್ಣಬಾರದು. ಗುಡಿಯ ಪಂಕ್ತಿಯಲ್ಲಂತೂ ಕೂಡ್ರಲೇಬಾರದು, ಯಾಕಂದರೆ ಪೂಜೆಯ ಊಟದಲ್ಲಿ ಕೂತವನು ಆ ಪೂಜೆಯಲ್ಲಿ ಪಾಲುಗಾರನಾದನು; ಕರ್ತನ ಮೇಜಿನಲ್ಲಿ ರೊಟ್ಟಿಯನ್ನು ಮುರಿಯುವವನಿಗೆ ಎರಡನೆಯ ಮೇಜು ಸಲ್ಲದು.

ಇಲ್ಲಿ ನಾವು ಗಮನಿಸತಕ್ಕದ್ದೇನಂದರೆ, ಮೂರೂ ಕಡೆಗಳಲ್ಲಿ ಮಾಂಸವು ಒಂದೇ. ದೋಷವು ಪದಾರ್ಥದೊಳಗೆ ಇರಲಿಲ್ಲ. ಹಾಗಿದ್ದರೆ ಅಂಗಡಿಯದೂ ವರ್ಜ್ಯವೇ ಆಗುತ್ತಿತ್ತು. ನೆರೆಮನೆಯ ಅಡಿಗೆಯನ್ನು ಮುಟ್ಟಿದರೆ ಮೈಲಿಗೆಯಾದೀತೆಂದು ನಡುಗುವ ಕ್ರೈಸ್ತನು ತಾನು ಬಿಟ್ಟುಬಂದ ಮಡಿಯನ್ನೇ ಬೇರೆ ಹೆಸರಿನಿಂದ ಆಚರಿಸುತ್ತಿದ್ದಾನೆಂದು ನಮ್ಮ ಅಭಿಪ್ರಾಯ. ಮನುಷ್ಯನು ಯಾರಿಗೆ ಸೇರಿದವನು, ಪಕ್ಕದಲ್ಲಿರುವ ಬಲಹೀನ ಸಹೋದರನು ಅವನನ್ನು ನೋಡಿ ಏನು ತಿಳಿದುಕೊಳ್ಳುವನು, ಇವೇ ಅಪೊಸ್ತಲನು ಕೇಳುವ ಪ್ರಶ್ನೆಗಳು.

ಕೂಲಿಗೂ ಸಂಬಳಕ್ಕೂ ದುಡಿಯುವವರ ಕಷ್ಟ ಇದಕ್ಕಿಂತ ದೊಡ್ಡದು. ಆಯುಧಪೂಜೆಯ ದಿನ ಯಂತ್ರವನ್ನು ತೊಳೆದಿಡು ಎಂದು ಯಜಮಾನನು ಹೇಳಿದರೆ ತೊಳೆಯುವದು ಕೆಲಸ. ಅದಕ್ಕೆ ಆರತಿ ಎತ್ತೆಂದರೆ ಅದು ಆರಾಧನೆ. ಇವೆರಡರ ನಡುವಣ ಗೆರೆ ಯಾವಾಗಲೂ ಸ್ಪಷ್ಟವಾಗಿ ಕಾಣುವದಿಲ್ಲ. ಸಿರಿಯದ ನಾಮಾನನು ರಿಮ್ಮೋನನ ಗುಡಿಯಲ್ಲಿ ತನ್ನ ಅರಸನಿಗೆ ತೋಳು ಕೊಡಬೇಕಾದ ಸಂಕಟವನ್ನು ಎಲೀಷನಿಗೆ ಹೇಳಿಕೊಂಡಾಗ ಪ್ರವಾದಿಯು ಅವನನ್ನು ಸಮಾಧಾನದಿಂದ ಕಳುಹಿಸಿದನು (2 ಅರಸು 5:18, 19). ಅನ್ನಕ್ಕಾಗಿ ಅನ್ಯರ ಕೈಕೆಳಗಿರುವವನನ್ನು ಸಭೆಯ ಹಿರಿಯರು ವಿಚಾರಿಸುವಾಗ ಈ ವಚನಗಳನ್ನು ಮರೆಯದಿರಲಿ.

ಇನ್ನೊಂದು ಸಂಗತಿ ಉಂಟು. ಅದನ್ನು ಹೇಳುವದಕ್ಕೆ ನಮಗೆ ಮನಸ್ಸಿಲ್ಲದಿದ್ದರೂ ಹೇಳಬೇಕು. ಪ್ರಸಾದದ ತಟ್ಟೆಯನ್ನು ಎಲ್ಲರೆದುರಿಗೆ ತಿರಿಗಿ ಕಳುಹಿಸಿದ ಮನೆಯಲ್ಲಿಯೇ ಮಗುವಿಗೆ ಜ್ವರವೇರಿದ ರಾತ್ರಿ ಮಂತ್ರಿಸಿದ ದಾರವು ಮಗುವಿನ ಸೊಂಟಕ್ಕೆ ಬರುತ್ತದೆ. ತಾಯಿಯ ಭಯವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಆದರೆ ತಟ್ಟೆಯಲ್ಲಿದ್ದದ್ದು ನೆರೆಯವಳ ಪ್ರೀತಿ. ದಾರದಲ್ಲಿದ್ದದ್ದು ನಮ್ಮ ನಂಬಿಕೆ. ಇವೆರಡರಲ್ಲಿ ಯಾವದನ್ನು ದೇವರು ಹೆಚ್ಚಾಗಿ ವಿಚಾರಿಸುವನು? ಸತ್ಯವೇದವನ್ನು ತೆರೆಯದೆ, ಕೆಟ್ಟ ಕನಸು ಬಾರದಿರಲಿ ಎಂದು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುವವರೂ ಇದ್ದಾರೆ. ಮೋಶೆಯು ಮಾಡಿದ ತಾಮ್ರದ ಸರ್ಪಕ್ಕೆ ಇಸ್ರಾಯೇಲ್ಯರು ಧೂಪ ಹಾಕುತ್ತಿದ್ದದರಿಂದ ಹಿಜ್ಕೀಯನು ಅದನ್ನು ಚೂರುಚೂರು ಮಾಡಿದನು (2 ಅರಸು 18:4). ದೇವರು ಕೊಟ್ಟದ್ದೂ ವಿಗ್ರಹವಾಗಬಲ್ಲದು. ಜ್ವರ ಬಂದರೆ ಪ್ರಾರ್ಥಿಸಿ, ತಡಮಾಡದೆ ಆಸ್ಪತ್ರೆಗೆ ಕರಕೊಂಡು ಹೋಗಿರಿ.

ತಟ್ಟೆಯ ವಿಷಯವಾಗಿ ಸಹೋದರಿಯರು ಏನು ಹೇಳಬೇಕೆಂದು ಕೇಳುತ್ತಾರೆ. ಬಾಗಲಲ್ಲೇ ಮುಖ ತಿರುಗಿಸಬೇಡಿರಿ. ಒಳಗೆ ಕರೆದು ಕೂಡ್ರಿಸಿ, "ಅಕ್ಕಾ, ನೀವು ನಮ್ಮನ್ನು ನೆನಸಿದ್ದಕ್ಕೆ ಬಹಳ ಸಂತೋಷ. ಪೂಜೆಗಿಟ್ಟದ್ದನ್ನು ನಾವು ತಕ್ಕೊಳ್ಳುವದಿಲ್ಲ, ತಪ್ಪು ತಿಳಿಯಬೇಡಿರಿ, ನಿಮ್ಮ ಮನೆಯ ಅಡಿಗೆಯಾದರೆ ಇನ್ನೊಂದು ದಿನ ನಾವೇ ಕೇಳಿ ಉಣ್ಣುತ್ತೇವೆ" ಎಂದು ಹೇಳಿರಿ. ಹೇಳಿದ ಮೇಲೆ ಒಂದು ದಿನ ಹೋಗಿ ಉಣ್ಣಿರಿ. ಕ್ರಿಸ್‌ಮಸ್ಸಿನಲ್ಲಿ ಮೊದಲನೆಯ ತಟ್ಟೆ ಆ ಮನೆಗೆ ಹೋಗಲಿ. ಅವರು ತಮ್ಮ ಮನಸ್ಸಾಕ್ಷಿಯ ನಿಮಿತ್ತ ಅದನ್ನು ಮುಟ್ಟದಿದ್ದರೆ ಬೇಸರಪಡಬೇಡಿರಿ.