ತಿಂದಿದ್ದಕ್ಕೆ ತಕ್ಕ ಮೊಟ್ಟೆ: ಮಿಶ್ರತಳಿ ಕೋಳಿ ಸಾಕುವವರಿಗೆ ಆರು ಸೂತ್ರ

ಯಲಹಂಕದ ಆಚೆ ಶೆಡ್ಡು ಹಾಕಿದವರ ಖರ್ಚಿನಲ್ಲಿ ನೂರಕ್ಕೆ 60–70 ರೂಪಾಯಿ ಫೀಡಿಗೇ ಹೋಗುತ್ತದೆ. ಮೂಟೆಯ ದರಕ್ಕೆ ಚೌಕಾಸಿ ಮಾಡುವವರು ಮರಿಯ ತಳಿ ಮಾತ್ರ ವಿಚಾರಿಸುವುದಿಲ್ಲ.

1. ಉದ್ದೇಶ ಮೊದಲು, ಮರಿ ಆಮೇಲೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ 1989ರಲ್ಲಿ ಬಂತು. ವರ್ಷಕ್ಕೆ 130–150 ಮೊಟ್ಟೆ. 2005ರ ಸ್ವರ್ಣಧಾರ 180–190 ಇಡುತ್ತದೆ, ಮೈತೂಕವೂ ಗಿರಿರಾಜನಿಗಿಂತ ಕಡಿಮೆ. ಮೈ ಭಾರವಾದಷ್ಟೂ ಜೀವ ಹಿಡಿದಿಟ್ಟುಕೊಳ್ಳಲಿಕ್ಕೇ ಫೀಡು ಬೇಕು. ಬರೀ ಮೊಟ್ಟೆಗಾದರೆ ನನ್ನ ಓಟು ಸ್ವರ್ಣಧಾರಕ್ಕೆ.

2. ಡಜನ್ನಿನ ಲೆಕ್ಕ ಹಾಕಿ. ದಿನಕ್ಕೆ 120 ಗ್ರಾಂ ತಿಂದು ತಿಂಗಳಿಗೆ 24 ಮೊಟ್ಟೆ ಇಡುವ ಕೋಳಿಗೆ ಡಜನ್ನಿಗೆ 1.8 ಕೆ.ಜಿ. ಫೀಡು. 110 ಗ್ರಾಂ ತಿಂದು 15 ಇಡುವುದಕ್ಕೆ 2.64 ಕೆ.ಜಿ. ಕಡಿಮೆ ತಿನ್ನುವ ಕೋಳಿಯೇ ಇಲ್ಲಿ ದುಬಾರಿ.

3. ಹೊಟ್ಟೆಬಾಕತನವೂ ವಂಶದಲ್ಲೇ ಬರುತ್ತದೆ. ತೂಕ ಒಂದೇ, ಮೊಟ್ಟೆ ಒಂದೇ, ಆದರೂ ಒಂದು ಹೇಂಟೆ ಇನ್ನೊಂದಕ್ಕಿಂತ ಹೆಚ್ಚು ತಿನ್ನುತ್ತದೆ. ಈ ಹೆಚ್ಚುವರಿಯನ್ನೇ ವಿಜ್ಞಾನಿಗಳು ‘ಉಳಿಕೆ ಆಹಾರ ಸೇವನೆ’ ಎಂದು ಅಳೆಯುವುದು. ಫ್ರಾನ್ಸಿನಲ್ಲಿ 1976ರಿಂದ ರೋಡ್ ಐಲ್ಯಾಂಡ್ ರೆಡ್ ಕೋಳಿಗಳನ್ನು ಇದೊಂದೇ ಗುಣ ನೋಡಿ ಆರಿಸುತ್ತ ಹೋದರು. ತಲೆಮಾರು ಉರುಳಿದಂತೆ ಹಿಂಡು ಎರಡಾಯಿತು: ಒಂದು ಮಿತಾಹಾರಿ, ಇನ್ನೊಂದು ಬಕಾಸುರ. ಬಕಾಸುರನ ಪಾಲಿನ ಹೆಚ್ಚುವರಿ ಮೊಟ್ಟೆಗೆ ಹೋಗಲಿಲ್ಲ, ಮೈಯ ಶಾಖವಾಗಿ ಸೋರಿತು. ಅವುಗಳ ಗಲ್ಲದ ಜೋಲುತೊಗಲೂ ಉದ್ದ! ಹಾಗಂತ ಸಂತೆಯಲ್ಲಿ ಗಲ್ಲ ನೋಡಿ ಕೋಳಿ ಆರಿಸಲು ಹೋಗಬೇಡಿ.

4. ಮಿಶ್ರತಳಿಯ ಮೊಟ್ಟೆಗೆ ಕಾವು ಕೊಟ್ಟು ಮುಂದಿನ ಹಿಂಡು ಕಟ್ಟಬೇಡಿ. ಬೆರಕೆಯ ಕಸುವು ಮೊದಲ ತಲೆಮಾರಿನಲ್ಲೇ ಹೆಚ್ಚು. ಮುಂದಿನ ತಲೆಮಾರಿನಲ್ಲಿ ಗುಣ ಚದುರಿ ಒಂದೊಂದು ಒಂದೊಂದು ಥರ ಆಗುತ್ತದೆ. ಮೊಟ್ಟೆ ಇಳಿದರೂ ಫೀಡು ಇಳಿಯುವುದಿಲ್ಲ. ಪ್ರತಿ ಬಾರಿ ಹೊಸ ಮರಿಯನ್ನೇ ತನ್ನಿ. ಹೆಬ್ಬಾಳವಿದೆ, ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಸಂಸ್ಥೆಯಿದೆ. ಮುಂಚೆಯೇ ಬುಕ್ ಮಾಡಿ.

5. ಕಾವಿಗೆ ಕೂರುವ ಚಾಳಿ ನಾಟಿ ರಕ್ತದ್ದು. ಕೂತಷ್ಟು ದಿನ ಮೊಟ್ಟೆ ಇಲ್ಲ. ಬೇಗ ಎಬ್ಬಿಸಿ.

6. ಬೆತ್ತಲೆ ಕುತ್ತಿಗೆಯ ತಳಿಗೆ ಮರುಳಾಗುವ ಮುನ್ನ ಊರಿನ ಹವೆ ನೋಡಿ. ಆ ಒಂದು ಜೀನ್ ಪುಕ್ಕ ಕಡಿಮೆ ಮಾಡುತ್ತದೆ, ಸೆಕೆಯಲ್ಲೂ ಕೋಳಿ ಚೆನ್ನಾಗಿ ತಿಂದು ಮೊಟ್ಟೆ ಇಡುತ್ತದೆ. ಕಲಬುರಗಿಯ ಬಿಸಿಲಿಗೆ ಅದು ವರ. ಯಲಹಂಕದ ಡಿಸೆಂಬರ್ ರಾತ್ರಿಯಲ್ಲಿ ಅದೇ ಕೋಳಿ ಮೈ ಬೆಚ್ಚಗಿಡಲು ನಿಮ್ಮ ಫೀಡನ್ನೇ ಉರಿಸುತ್ತದೆ.